ಸರಕಾರಿ ವಕೀಲರು ಯಾರ ವಕೀಲರು?

ಸರಕಾರ ಬದಲಾದ ಕೆಲವೇ ದಿನಗಳಲ್ಲಿ ನಗರ ನ್ಯಾಯಾಲಯಗಳ ಆವರಣದಲ್ಲೊಂದು ಚಟುವಟಿಕೆ ಆರಂಭವಾಗುತ್ತದೆ. ಕಪ್ಪು ಕೋಟಿನವರು ಕಕ್ಷಿದಾರರನ್ನು ಬಿಟ್ಟು ಶಾಸಕರ ಮನೆಬಾಗಿಲಲ್ಲಿ ಕಾಣಿಸಿಕೊಳ್ಳತೊಡಗುತ್ತಾರೆ. ಚುನಾವಣೆಯಲ್ಲಿ ದುಡಿದ ಲೆಕ್ಕ, ಜಾತಿ-ಸಮುದಾಯದ ಲೆಕ್ಕ, ಪಕ್ಷದ ಕಾನೂನು ಘಟಕದ ಶಿಫಾರಸು ಪತ್ರ, ಇವೆಲ್ಲ ಒಂದು ಕಡತದಲ್ಲಿ ಸೇರಿ ಸರಕಾರಿ ವಕೀಲರ ಪಟ್ಟಿಯಾಗಿ ಹೊರಬರುತ್ತದೆ. ಆ ಪಟ್ಟಿಯಲ್ಲಿ ಕಾನೂನು ಬಲ್ಲವರು ಇರುವುದಿಲ್ಲವೆಂದು ನಾವು ಹೇಳುತ್ತಿಲ್ಲ. ಇದ್ದರೆ ಅದು ಆಕಸ್ಮಿಕ ಎಂದಷ್ಟೇ ಹೇಳುತ್ತಿದ್ದೇವೆ.

ಕಾನೂನಿನ ದಾರಿ ಇದಲ್ಲ. ಪಬ್ಲಿಕ್ ಪ್ರಾಸಿಕ್ಯೂಟರ್‌ಗಳ ಖಾಯಂ ಶ್ರೇಣಿ ಇಲ್ಲದ ಕಡೆ, ಜಿಲ್ಲಾಧಿಕಾರಿಯು ಸೆಷನ್ಸ್ ನ್ಯಾಯಾಧೀಶರೊಂದಿಗೆ ಸಮಾಲೋಚಿಸಿ ಅರ್ಹರ ಪಟ್ಟಿ ಸಿದ್ಧಪಡಿಸಬೇಕು. ಅದರಲ್ಲಿರುವವರಿಗೆ ಕನಿಷ್ಠ 7 ವರ್ಷಗಳ ವಕೀಲಿ ಅನುಭವವಿರಬೇಕು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿದ್ದ ಈ ವ್ಯವಸ್ಥೆ 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲೂ ಉಳಿದಿದೆ. ಆದರೆ ಆಳುವವರು ಇದನ್ನು ಎಷ್ಟು ಗೌರವಿಸುತ್ತಾರೆ? 1990ರಲ್ಲಿ ಉತ್ತರ ಪ್ರದೇಶದ ಸರಕಾರ ಒಂದೇ ಸುತ್ತೋಲೆಯ ಮೂಲಕ ರಾಜ್ಯದ ಎಲ್ಲ ಜಿಲ್ಲೆಗಳ ಸರಕಾರಿ ವಕೀಲರನ್ನು ಏಕಕಾಲದಲ್ಲಿ ಮನೆಗೆ ಕಳುಹಿಸಿತು. ಸುಪ್ರೀಮ್ ಕೋರ್ಟು ಅದೇ ವರ್ಷ ಆ ಸುತ್ತೋಲೆಯನ್ನು ರದ್ದುಪಡಿಸಿತು. 2016ರಲ್ಲಿ ಪಂಜಾಬ್ ಮತ್ತು ಹರ್ಯಾಣದ ಪ್ರಕರಣದಲ್ಲಿ, ಸರಕಾರಿ ವಕೀಲರನ್ನು ಪಾರದರ್ಶಕ ರೀತಿಯಲ್ಲಿ, ಅರ್ಹತೆ ನೋಡಿ ಆರಿಸಬೇಕೆಂದು ಅದೇ ನ್ಯಾಯಾಲಯ ಮತ್ತೆ ಹೇಳಬೇಕಾಯಿತು. ಇಪ್ಪತ್ತಾರು ವರ್ಷಗಳ ಅಂತರದಲ್ಲಿ ಅದೇ ಪಾಠ!

ಇದು ಕೆಲವು ವಕೀಲರ ಹೊಟ್ಟೆಪಾಡಿನ ವಿಷಯವಷ್ಟೇ ಎಂದು ಭಾವಿಸುವವರು ವಡೋದರವನ್ನು ನೆನಪಿಸಿಕೊಳ್ಳಲಿ. 2002ರ ಮಾರ್ಚ್ 1ರ ರಾತ್ರಿ ಅಲ್ಲಿಯ ಬೆಸ್ಟ್ ಬೇಕರಿಯಲ್ಲಿ 14 ಮಂದಿಯ ಕೊಲೆಯಾಯಿತು. 2003ರ ಜೂನ್‌ನಲ್ಲಿ ನಗರದ ತ್ವರಿತ ನ್ಯಾಯಾಲಯ ಎಲ್ಲ 21 ಆರೋಪಿಗಳನ್ನು ಬಿಡುಗಡೆ ಮಾಡಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ಮಾತು ಬದಲಿಸುತ್ತಿದ್ದಾಗ, ಸಂತ್ರಸ್ತರ ಪರವಾಗಿ ನಿಲ್ಲಬೇಕಾದ ವ್ಯಕ್ತಿ ಏನು ಮಾಡುತ್ತಿದ್ದರು? ಪಬ್ಲಿಕ್ ಪ್ರಾಸಿಕ್ಯೂಟರ್ ಆರೋಪಿಗಳ ವಕೀಲರಂತೆ ವರ್ತಿಸಿದರೆಂದು 2004ರ ಏಪ್ರಿಲ್‌ನಲ್ಲಿ ಸುಪ್ರೀಮ್ ಕೋರ್ಟು ಹೇಳಿತು. ಪ್ರಕರಣ ಮುಂಬಯಿಗೆ ಹೋಯಿತು. 2006ರಲ್ಲಿ 9 ಮಂದಿಗೆ ಶಿಕ್ಷೆಯಾಯಿತು. 2012ರಲ್ಲಿ ಹೈಕೋರ್ಟು ಅವರಲ್ಲಿ 4 ಮಂದಿಯ ಶಿಕ್ಷೆಯನ್ನು ಎತ್ತಿಹಿಡಿದು 5 ಮಂದಿಯನ್ನು ಬಿಟ್ಟಿತು. ಮುಖ್ಯ ಸಾಕ್ಷಿ ಝಾಹಿರಾ ಶೇಖ್ ಮತ್ತೆ ಮತ್ತೆ ಹೇಳಿಕೆ ಬದಲಿಸಿ ತಾನೇ ಜೈಲು ಸೇರಿದಳೆಂಬುದನ್ನು ನಾವು ಮುಚ್ಚಿಡುವುದಿಲ್ಲ. ಆದರೆ ಬೆದರಿದ ಸಾಕ್ಷಿಗೆ ಧೈರ್ಯ ತುಂಬಬೇಕಾದ ಕುರ್ಚಿಯೇ ಎದುರಾಳಿಯ ಕಡೆ ತಿರುಗಿದ್ದರೆ ಅವಳು ಯಾರನ್ನು ನಂಬಬೇಕಿತ್ತು?

ಇದು ಮುಸ್ಲಿಮರ ಗೋಳು ಮಾತ್ರವೂ ಅಲ್ಲ. ಜಯಲಲಿತಾರ ಅಕ್ರಮ ಆಸ್ತಿ ಪ್ರಕರಣ ಚೆನ್ನೈಯಿಂದ ಬೆಂಗಳೂರಿಗೆ ಬಂದದ್ದು ಏಕೆ? ಅವರು ಮತ್ತೆ ಅಧಿಕಾರಕ್ಕೆ ಬಂದ ಬಳಿಕ ವಿಚಾರಣೆ ಮುಗಿದಿದ್ದ 76 ಸಾಕ್ಷಿಗಳನ್ನು ಪುನಃ ಕರೆಸಲಾಯಿತು. ಹೆಚ್ಚಿನವರು ಹಿಂದಿನ ಹೇಳಿಕೆಯಿಂದ ಜಾರಿಕೊಂಡರು. ಸರಕಾರದ ಪರ ವಕೀಲರು ಸುಮ್ಮನಿದ್ದರು. 2003ರ ನವೆಂಬರ್‌ನಲ್ಲಿ ಸುಪ್ರೀಮ್ ಕೋರ್ಟು ಪ್ರಕರಣವನ್ನು ನಮ್ಮ ರಾಜ್ಯಕ್ಕೆ ಕಳುಹಿಸಿತು. 2014ರಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು. ಬಳಿಕ ಹೈಕೋರ್ಟಿನ ಮೇಲ್ಮನವಿಯಲ್ಲಿ ವಾದಿಸಲು ವಕೀಲರನ್ನು ನೇಮಿಸಿದವರಾರು? ಆರೋಪಿಯ ಪಕ್ಷವೇ ಆಳುತ್ತಿದ್ದ ತಮಿಳುನಾಡು ಸರಕಾರ! ಆ ಅಧಿಕಾರ ಕರ್ನಾಟಕಕ್ಕೆ ಮಾತ್ರ ಇದೆಯೆಂದು ಸುಪ್ರೀಮ್ ಕೋರ್ಟು 2015ರ ಏಪ್ರಿಲ್‌ನಲ್ಲಿ ಹೇಳುವಷ್ಟರಲ್ಲಿ ವಾದಗಳು ಮುಗಿದುಹೋಗಿದ್ದವು.

ದಿಲ್ಲಿಯಲ್ಲಿ ಮುಖವಾಡವೂ ಉಳಿಯಲಿಲ್ಲ. 2020ರ ಫೆಬ್ರವರಿಯ ಗಲಭೆಯಲ್ಲಿ 53 ಮಂದಿ ಸತ್ತರು. ಪ್ರಕರಣಗಳನ್ನು ನಡೆಸಲು ಪೊಲೀಸರು ಸೂಚಿಸಿದ ವಕೀಲರ ಪಟ್ಟಿಯನ್ನು ಚುನಾಯಿತ ಸಚಿವ ಸಂಪುಟ ಆ ವರ್ಷದ ಜುಲೈಯಲ್ಲಿ ತಿರಸ್ಕರಿಸಿತು. ಲೆಫ್ಟಿನೆಂಟ್ ಗವರ್ನರ್ ತಮ್ಮ ವಿಶೇಷಾಧಿಕಾರ ಬಳಸಿ ಅದೇ ಪಟ್ಟಿಯನ್ನು ಒಪ್ಪಿಸಿದರು. ತನಿಖೆ ಮಾಡಿದವರೇ ವಕೀಲರನ್ನೂ ಆರಿಸಿಕೊಂಡರೆ ತನಿಖೆಯ ಹುಳುಕನ್ನು ನ್ಯಾಯಾಧೀಶರ ಮುಂದಿಡುವವರು ಯಾರು?

ಇಷ್ಟೆಲ್ಲ ಬರೆದು ನಾವು ಕೈತೊಳೆದುಕೊಳ್ಳುವಂತಿಲ್ಲ. ನಮ್ಮ ಸಮುದಾಯದ ನಾಯಕರೆನಿಸಿಕೊಂಡವರೂ ಅದೇ ಮನೆಬಾಗಿಲಲ್ಲಿ ನಿಂತಿದ್ದಾರೆ. ನಮ್ಮವರಿಗೆ ಎಷ್ಟು ಹುದ್ದೆ ಎಂಬುದೇ ಅವರ ಪ್ರಶ್ನೆ. ಯಾರಿಗೆ, ಯಾವ ಅರ್ಹತೆಗೆ ಎಂಬುದು ಅವರ ನಾಲಿಗೆಗೆ ಬರುವುದಿಲ್ಲ. ಶಾಸಕರ ಪತ್ರದಿಂದ ಹುದ್ದೆ ಪಡೆದ ಯುವ ವಕೀಲನಿಗೆ ಸನ್ಮಾನ, ಶಾಲು, ಫಲತಾಂಬೂಲ. ನಾಳೆ ಆ ಶಾಸಕರ ಬೆಂಬಲಿಗರೇ ಆರೋಪಿಗಳಾಗಿ ಬಂದರೆ ಈ ಯುವಕ ಯಾರ ಪರ ವಾದಿಸಬೇಕು? ಪ್ರಾತಿನಿಧ್ಯ ಕೇಳುವುದು ತಪ್ಪಲ್ಲ. ನ್ಯಾಯಾಲಯಗಳಲ್ಲಿ ನಮ್ಮ ಸಂಖ್ಯೆ ಹೆಚ್ಚಬೇಕು ಕೂಡ. ಆದರೆ ಅದನ್ನು ಭಿಕ್ಷೆಯಾಗಿ ಪಡೆದವನು ಸಮುದಾಯದ ಪ್ರತಿನಿಧಿಯಲ್ಲ, ಕೊಟ್ಟವನ ಪ್ರತಿನಿಧಿ.

ಹುದ್ದೆ ಅಮಾನತ್ತು, ಅದನ್ನು ಅರ್ಹರಿಗೇ ಒಪ್ಪಿಸಬೇಕೆಂಬುದು ಅನ್ನಿಸಾ ಅಧ್ಯಾಯದ 58ನೇ ಸೂಕ್ತದ ಆದೇಶ. ಮಕ್ಕಾ ವಿಜಯದ ದಿನ ಕಅಬಾದ ಕೀಲಿಕೈಯನ್ನು ಪ್ರವಾದಿ(ಸ)ರ ಕುಟುಂಬದವರೇ ಕೇಳಿದ್ದರು. ಪ್ರವಾದಿ(ಸ)ರು ಅದನ್ನು ಮೊದಲಿನಿಂದ ಕಾಯುತ್ತಿದ್ದ ಉಸ್ಮಾನ್ ಬಿನ್ ತಲ್ಹಾರಿಗೇ ಹಿಂದಿರುಗಿಸಿದರು. ಈ ಘಟನೆಯನ್ನು ಜುಮಾ ಪ್ರವಚನಗಳಲ್ಲಿ ಕೇಳಿ ತಲೆದೂಗುವ ನಾವು ಸೋಮವಾರ ಶಿಫಾರಸು ಪತ್ರ ಹಿಡಿದು ಹೊರಡುತ್ತೇವೆ.

ಮುಂದಿನ ಪಟ್ಟಿ ಹೊರಬರುವ ಮುನ್ನ ನಮ್ಮ ಸಂಘಟನೆಗಳು ಒಂದೇ ಒಂದು ಮನವಿ ಸಲ್ಲಿಸಲಿ: ಸರಕಾರಿ ವಕೀಲರ ಹುದ್ದೆಗೆ ಅರ್ಜಿ ಹಾಕಿದವರ ಹೆಸರು, ಅವರ ಅನುಭವ, ಸೆಷನ್ಸ್ ನ್ಯಾಯಾಧೀಶರ ಅಭಿಪ್ರಾಯ ಇವೆಲ್ಲವನ್ನೂ ಬಹಿರಂಗಪಡಿಸಬೇಕು. ಬೆಸ್ಟ್ ಬೇಕರಿ ತೀರ್ಪಿನಲ್ಲಿ, ಮರುವಿಚಾರಣೆಗೆ ಪ್ರಾಸಿಕ್ಯೂಟರ್ ನೇಮಿಸುವಾಗ ಸಂತ್ರಸ್ತರೂ ಹೆಸರು ಸೂಚಿಸಬಹುದೆಂದು ಸುಪ್ರೀಮ್ ಕೋರ್ಟು ಹೇಳಿತ್ತು. ಆ ಅವಕಾಶವನ್ನು ಪ್ರತಿಯೊಂದು ಗಲಭೆ ಪ್ರಕರಣಕ್ಕೂ ವಿಸ್ತರಿಸಬೇಕೆಂದು ಕೇಳಲಿ. ಆ ಮನವಿಗೆ ಸಹಿ ಹಾಕಲು ನಮ್ಮ ನಾಯಕರಲ್ಲಿ ಎಷ್ಟು ಮಂದಿ ಮುಂದೆ ಬರುತ್ತಾರೆಂದು ನಾವೂ ಕಾಯುತ್ತಿದ್ದೇವೆ.