ಬೀಳಲು ಒಂದಿಷ್ಟು ಜಾಗ ಕೊಡಿ

"ಬಿದ್ದು ಕಾಲು ಮುರ್ಕೊಂಡ್ರೆ ಅಲ್ಲಿ ನಿನ್ನ ನೋಡೋರು ಯಾರೇ? ಹಿಮಾನೇ ಬೀಳದ ಊರಿನವಳಿಗೆ ಇದೆಲ್ಲ ಬೇಕಾ?" ಎಂದು ಅಮ್ಮ ಫೋನಿನಲ್ಲಿ ಗದರುವಷ್ಟರಲ್ಲಿ ನಾನು ನಾಲ್ಕು ಸಲ ಬಿದ್ದಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಂಪನಿ ಮೂರು ತಿಂಗಳ ಕೆಲಸಕ್ಕೆಂದು ನನ್ನನ್ನು ಓಸ್ಲೋಗೆ ಕಳಿಸಿತ್ತು. ನನಗೆ ಆಗ 38 ವರ್ಷ. ಒಂದು ಭಾನುವಾರ ಮೆಟ್ರೋ ಹತ್ತಿ, ಕೊನೆಯ ನಿಲ್ದಾಣ ಫ್ರೊಗ್ನರ್‌ಸೆಟೆರೆನ್‌ನಲ್ಲಿ ಇಳಿದು, ಬಾಡಿಗೆಗೆ ತಂದ ಸ್ಕೀ ತೊಟ್ಟು ಕಾಡಿನ ದಾರಿಗೆ ಕಾಲಿಟ್ಟಿದ್ದೆ.

ಸಿನಿಮಾದಲ್ಲಿ ಬೆಟ್ಟದಿಂದ ಜರ್ರೆಂದು ಇಳಿಯುತ್ತಾರಲ್ಲ, ಆ ಸ್ಕೀಯಿಂಗ್ ಬೇರೆ. ಕ್ರಾಸ್ ಕಂಟ್ರಿಯಲ್ಲಿ ಸ್ಕೀ ತೆಳು, ಹಗುರ. ಬೂಟಿನ ತುದಿ ಮಾತ್ರ ಅದಕ್ಕೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಯಂತ್ರ ಕೊರೆದ ಜೋಡಿ ಜಾಡಿನಲ್ಲಿ ಒಂದು ಕಾಲಿನ ಮೇಲೆ ಪೂರ್ತಿ ಭಾರ ಹಾಕಿ ಒದ್ದರೆ ಇನ್ನೊಂದು ಕಾಲು ಜಾರಿಕೊಂಡು ಮುಂದೆ ಹೋಗಬೇಕು. ನಾನೋ ಭಾರವನ್ನು ಎರಡೂ ಕಾಲಿಗೆ ಹಂಚಿ, ಯಾವುದನ್ನೂ ನಂಬದೆ ನಿಂತೆ. ಬಿದ್ದೆ. ಏಳುವುದು ಬೀಳುವುದಕ್ಕಿಂತ ಕಷ್ಟ. ಪಕ್ಕಕ್ಕೆ ಹೊರಳಿ, ಸ್ಕೀಗಳನ್ನು ಇಳಿಜಾರಿಗೆ ಅಡ್ಡವಾಗಿ ಜೋಡಿಸಿ, ಮಂಡಿಯೂರಿ ಏಳಬೇಕು. ಎಪ್ಪತ್ತು ದಾಟಿದಂತಿದ್ದ ಅಜ್ಜಿಯೊಬ್ಬರು ನಿಂತು, ಮಂಡಿ ಮಡಚು ಎಂದು ಕೈಸನ್ನೆ ಮಾಡಿ ಹೊರಟುಹೋದರು. ಯಾರೂ ನಗಲಿಲ್ಲ. ಟಿಕೆಟ್ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಯಾವ ಫ್ಲ್ಯಾಟಿನವಳು ಎಂದೂ ಕೇಳಲಿಲ್ಲ.

ನನ್ನನ್ನು ಇಂದಿಗೂ ಚುಚ್ಚುವುದು ಆ ಕೊನೆಯ ಮಾತು.

ಊರಿಗೆ ಮರಳಿದ ಮೇಲೆ ಈ ಕಥೆ ಹೇಳಿದರೆ ಗೆಳೆಯರದು ಸಿದ್ಧ ಉತ್ತರ: "ಅವರಿಗೇನಮ್ಮ, ಎಣ್ಣೆ ದುಡ್ಡು." ಇದು ಸೋಮಾರಿ ವಾದ. ನಾರ್ವೆಗೆ ದೊಡ್ಡ ತೈಲ ನಿಕ್ಷೇಪ ಸಿಕ್ಕಿದ್ದು 1969ರಲ್ಲಿ. ಓಸ್ಲೋ ಸುತ್ತ ಸ್ಕೀ ದಾರಿಗಳನ್ನು ನೋಡಿಕೊಳ್ಳುವ ಸಂಘ ಹುಟ್ಟಿದ್ದು 1883ರಲ್ಲಿ. ಊಳದ ಬಯಲಿನಲ್ಲಿ, ಕಾಡಿನಲ್ಲಿ ಯಾರು ಬೇಕಾದರೂ ಓಡಾಡಬಹುದು, ಜಾಗ ಯಾರದ್ದೇ ಆಗಿರಲಿ ಎಂಬ ಹಕ್ಕನ್ನು ಕಾನೂನಾಗಿ ಬರೆದದ್ದು 1957ರಲ್ಲಿ. ನಗರದ ಸುತ್ತಲಿನ ಕಾಡಿಗೆ ಕಟ್ಟಡಗಳು ನುಗ್ಗದಂತೆ 2009ರಲ್ಲಿ ಇನ್ನೊಂದು ಕಾನೂನು ಬಂತು. ದುಡ್ಡು ಆಮೇಲೆ ಬಂದದ್ದು. ಜಾಗ ಎಲ್ಲರದ್ದು ಎಂಬ ಹಟ ಅದಕ್ಕಿಂತ ಹಳೆಯದು.

ನಮ್ಮಲ್ಲೂ ಅಂಥ ಆಲೋಚನೆ ಇರಲಿಲ್ಲವೇ? ವೈಟ್‌ಫೀಲ್ಡ್ ಎಂದರೆ ನಮಗೆ ಟೆಕ್ ಪಾರ್ಕು ಮತ್ತು ಟ್ರಾಫಿಕ್ಕು. ಆದರೆ 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ನೆಲದಲ್ಲಿ ಡಿ.ಎಸ್. ವೈಟ್ ಮತ್ತು ಅವರ ಆಂಗ್ಲೋ ಇಂಡಿಯನ್ ಸಂಘದವರು ಕಟ್ಟಲು ಹೊರಟ ಆ ಊರಿನ ನಡುವೆ ದುಂಡನೆಯ ಬಯಲೊಂದಿತ್ತು, ಸುತ್ತ ಮನೆಗಳು. ಇನ್ನರ್ ಸರ್ಕಲ್ ಎಂಬ ಹೆಸರು ಇವತ್ತಿಗೂ ಉಳಿದಿದೆ. ಮೊದಲು ಬಯಲು, ಆಮೇಲೆ ಮನೆ. ನಾವು ಅದನ್ನು ತಿರುವುಮುರುವು ಮಾಡಿದ್ದೇವೆ. ಮೊದಲು ಟವರು, ಆಮೇಲೆ ಮಿಕ್ಕಿದ ಮೂಲೆಯಲ್ಲಿ ಪಾರ್ಕು, ಪಾರ್ಕಿಗೆ ಗೇಟು, ಗೇಟಿಗೆ ಬೋರ್ಡು: ಹುಲ್ಲಿನ ಮೇಲೆ ನಡೆಯಬೇಡಿ, ಆಟ ನಿಷೇಧ.

ನಮ್ಮ ಮನೆಗೆ ಅಡುಗೆಗೆ ಬರುವ ಅಕ್ಕ ಕಳೆದ ವರ್ಷ ಸ್ಕೂಟರ್ ಕಲಿಯಲು ಹೊರಟರು. ಬೊಮ್ಮಸಂದ್ರದಿಂದ ಎರಡು ಬಸ್ಸು ಬದಲಿಸಿ ಬರುವವರು. ಸ್ಕೂಟರ್ ಇದ್ದರೆ ಬೆಳಿಗ್ಗೆ ಇನ್ನೊಂದು ಮನೆಯ ಕೆಲಸ ಹಿಡಿಯಬಹುದು, ಮಗಳ ಟ್ಯೂಷನ್ ಫೀಸು ಹುಟ್ಟುತ್ತದೆ. ಅವರ ಬೀದಿಯ ಕೊನೆಯ ಖಾಲಿ ಸೈಟುಗಳಲ್ಲಿ ತಮ್ಮನನ್ನು ಹಿಂದೆ ಕೂರಿಸಿಕೊಂಡು ಐದಾರು ದಿನ ಓಡಿಸಿದರು. ಏಳನೇ ದಿನ ಹೋದರೆ ತಗಡಿನ ಬೇಲಿ. ನಮ್ಮ ಅಪಾರ್ಟ್‌ಮೆಂಟಿನ ಒಳರಸ್ತೆ ಮಧ್ಯಾಹ್ನವೆಲ್ಲ ಖಾಲಿ, ಇಲ್ಲೇ ಕಲಿಯಲಿ ಎಂದು ಸಂಘದಲ್ಲಿ ಕೇಳಿದೆ. "ಮೇಡಂ, ನಿಮಗಾದ್ರೆ ಸರಿ. ಕೆಲಸದವರಿಗೆ ಬಿಟ್ರೆ ನಾಳೆ ಎಲ್ಲರೂ ಕೇಳ್ತಾರೆ" ಅಂದರು. ಎಲ್ಲರೂ ಕೇಳಲಿ ಸ್ವಾಮಿ, ಅದರಲ್ಲಿ ತಪ್ಪೇನಿದೆ? ಅಕ್ಕ ಕೊನೆಗೆ ಮುಖ್ಯರಸ್ತೆಯಲ್ಲೇ, ಲಾರಿಗಳ ನಡುವೆ ಕಲಿಯಲು ಹೋಗಿ ಬಿದ್ದರು. ಮೊಣಕೈ ಮುರಿಯಿತು. ಎರಡು ತಿಂಗಳ ಸಂಬಳ ಹೋಯಿತು. ಸ್ಕೂಟರನ್ನು ಮಾರಿದರು.

ನಾನೂ ಬಿದ್ದೆ, ಅವರೂ ಬಿದ್ದರು. ನನ್ನ ಕೆಳಗೆ ಹಿಮವಿತ್ತು, ಅವರ ಕೆಳಗೆ ಟಾರಿತ್ತು. ಇದು ಅದೃಷ್ಟದ ವ್ಯತ್ಯಾಸ ಅಂತ ನಾನು ಒಪ್ಪುವುದಿಲ್ಲ.

ಹಿಮವಿಲ್ಲದ ಊರಿನವರಿಗೆ ಸ್ಕೀ ಯಾಕೆ ಎಂಬ ಅಮ್ಮನ ಪ್ರಶ್ನೆಗೆ ಕೊಡಗಿನ ತೆಕ್ಕಡ ಭವಾನಿ ಉತ್ತರ ಕೊಟ್ಟಾಗಿದೆ. ಕಾಫಿ ತೋಟಗಳ ನಾಡಿನ ಆ ಹುಡುಗಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ದೇಶವನ್ನು ಪ್ರತಿನಿಧಿಸಿ, ಚಿಲಿಯಲ್ಲಿ ಕಂಚು ಗೆದ್ದರು. ನಾವು ಹೆಮ್ಮೆಪಟ್ಟು ಸ್ಟೇಟಸ್ ಹಾಕಿದೆವು. ಗೆದ್ದವರಿಗೆ ಹಾರ ಹಾಕಲು ನಾವು ಮುಂದು. ಕಲಿಯುವವರಿಗೆ ನೆಲ ಬಿಡಿ ಎಂದರೆ ಮಾತ್ರ ಬೈಲಾ ತೋರಿಸುತ್ತೇವೆ.

ಹಾಗಾಗಿ ನಾನು ಕೇಳುವುದು ಪದಕವನ್ನಲ್ಲ, ಕೃತಕ ಹಿಮದ ಮಾಲನ್ನೂ ಅಲ್ಲ. ಪ್ರತಿ ವಾರ್ಡಿನಲ್ಲಿ ಒಂದು ಬಯಲು ಸಾಕು. ಹುಲ್ಲು ಹಾಳಾಗಲಿ, ಮಣ್ಣು ಮೇಲೇಳಲಿ. ಪೀಣ್ಯದಲ್ಲಿ ನೈಟ್ ಶಿಫ್ಟ್ ಮುಗಿಸಿದವನು ಅಲ್ಲಿ ಮಧ್ಯಾಹ್ನ ಸ್ಕೇಟಿಂಗ್ ಕಲಿಯಲಿ, ಐವತ್ತರ ಹೆಂಗಸು ಸೈಕಲ್ ಕಲಿಯಲಿ. ಗೇಟಿಗೆ ಬೀಗ ಬೇಡ. ಕಾವಲುಗಾರ ಇರಲಿ, ಆದರೆ ಬಂದವರನ್ನು ಯಾವ ಫ್ಲ್ಯಾಟು ಎಂದು ಕೇಳುವುದು ಬೇಡ.

ಅಕ್ಕನ ಮೊಣಕೈ ಈಗ ಪರವಾಗಿಲ್ಲ. "ಜಾಗ ಸಿಕ್ಕಿದ್ರೆ ಇನ್ನೊಂದ್ಸಲ ನೋಡ್ತೀನಿ ಮೇಡಂ" ಅನ್ನುತ್ತಾರೆ. ಮುಂದಿನ ತಿಂಗಳು ಸಂಘದ ಸಭೆ ಇದೆ. ನಾನು ಮತ್ತೆ ಕೇಳುತ್ತೇನೆ.