ಕ್ಯೋಟೋದಲ್ಲಿ ಎರಡು ದಿನ

ಜಪಾನಿಗೆ ಹೋಗುವ ಸಂದರ್ಭ ಒದಗಿದವರು ಟೋಕಿಯೋದ ಕೆಲಸ ಮುಗಿಸಿ ಕ್ಯೋಟೋ ನಗರಕ್ಕೆಂದು ಎರಡು ದಿನ ಎತ್ತಿಡುವುದು ವಾಡಿಕೆ. 794ರಲ್ಲಿ ರಾಜಧಾನಿಯಾಗಿ, ಸಾವಿರ ವರ್ಷಕ್ಕೂ ಮಿಕ್ಕಿ ಚಕ್ರವರ್ತಿಗಳ ನೆಲೆಯಾಗಿದ್ದ ಊರದು. ಯುನೆಸ್ಕೋ ಸಂಸ್ಥೆ 1994ರಲ್ಲಿ ಕ್ಯೋಟೋ ಹಾಗೂ ಅದರ ಆಸುಪಾಸಿನ 17 ತಾಣಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಎರಡು ದಿನಗಳಲ್ಲಿ ಹತ್ತು ದೇವಾಲಯಗಳ ಬಾಗಿಲು ಮುಟ್ಟಿ ಓಡಿಬರುವುದಕ್ಕೆ ನಮ್ಮ ವಿರೋಧವಿದೆ. ಜೀವಮಾನದಲ್ಲಿ ಒಮ್ಮೆ, ಕಷ್ಟದ ದುಡ್ಡು ಖರ್ಚುಮಾಡಿ ಹೋಗುವವರು ನೋಡಬೇಕಾದದ್ದು ಮೂರೇ ಮೂರು ಸ್ಥಳ; ಅವುಗಳಲ್ಲಿ ಎರಡು ಆ ಪಟ್ಟಿಯಲ್ಲೇ ಇಲ್ಲ.

ಮೊದಲನೆಯದು ಸಂಜೂಸಂಗೆಂದೋ. ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. 1266ರಲ್ಲಿ ಮರುನಿರ್ಮಾಣಗೊಂಡ, ಸುಮಾರು 120 ಮೀಟರ್ ಉದ್ದದ ಮರದ ಭವನ. ನಡುವೆ ತಂಕೈ ಎಂಬ ಶಿಲ್ಪಿ ಇಳಿವಯಸ್ಸಿನಲ್ಲಿ ನಿರ್ಮಿಸಿದ ಕನ್ನೊನ್ ದೇವತೆಯ ದೊಡ್ಡ ವಿಗ್ರಹ. ಇಕ್ಕೆಲಗಳಲ್ಲಿ ಸಾಲುಸಾಲಾಗಿ ನಿಂತ ಸಾವಿರ ವಿಗ್ರಹಗಳು. ಕನ್ನೊನ್ ಎಂದರೆ ಅವಲೋಕಿತೇಶ್ವರ. ಮಂಗಳೂರಿನ ಕದ್ರಿಯಲ್ಲಿ 968ರ ಶಾಸನವುಳ್ಳ ಲೋಕೇಶ್ವರ ವಿಗ್ರಹವನ್ನು ಅನೇಕ ವಿದ್ವಾಂಸರು ಗುರುತಿಸಿರುವುದೂ ಅವಲೋಕಿತೇಶ್ವರನೆಂದೇ. ಅದಕ್ಕಿಂತಲೂ ಕುತೂಹಲಕರ, ಕನ್ನೊನನಿಗೆ ಕಾವಲು ನಿಂತ 28 ಪರಿವಾರ ದೇವತೆಗಳು. ಬ್ರಹ್ಮನಿದ್ದಾನೆ, ಇಂದ್ರನಿದ್ದಾನೆ, ನಾರಾಯಣನಿದ್ದಾನೆ, ಎಲುಬೆದ್ದ ಮುದಿ ಋಷಿಯೊಬ್ಬನಿದ್ದಾನೆ. ಗರುಡ ಮಾತ್ರ ಅಲ್ಲಿ ಕೊಳಲೂದುತ್ತಿದ್ದಾನೆ! ವಿಷ್ಣುವನ್ನು ಹೊತ್ತ ಗರುಡನನ್ನೇ ಕಂಡ ನಮ್ಮವರಿಗೆ ಅವನ ಮುಂದೆ ಅರ್ಧ ಗಂಟೆ ಸಾಲದು. ಒಳಗೆ ಫೋಟೋ ತೆಗೆಯಲು ಅನುಮತಿಯಿಲ್ಲ. ಅದೂ ಒಳ್ಳೆಯದೇ ಆಯಿತು.

ಎರಡನೆಯದು ಕಿಯೋಮಿಜು ದೇವಾಲಯ. ಇದು ಪಟ್ಟಿಯಲ್ಲಿದೆ. ಗುಡ್ಡದ ಇಳುಕಲಿನ ಮೇಲೆ ಮರದ ಕಂಬಗಳನ್ನು ಎತ್ತಿ ನಿಲ್ಲಿಸಿ ಕಟ್ಟಿದ, 13 ಮೀಟರ್ ಎತ್ತರದ ಜಗಲಿ. ಈಗಿನ ಕಟ್ಟಡ 1633ರದು. ಬೆಳಿಗ್ಗೆ ಆರಕ್ಕೇ ಬಾಗಿಲು ತೆರೆಯುತ್ತದೆ. ಬೇಗ ಏಳುವ ನಮ್ಮ ಹಿರಿಯರಿಗೆ ಇದಕ್ಕಿಂತ ಅನುಕೂಲ ಬೇರೇನಿದೆ? ಒಂಬತ್ತು ಗಂಟೆ ಕಳೆದ ಮೇಲೆ ಹೋದವರಿಗೆ ಜನರ ಬೆನ್ನೇ ದರ್ಶನ.

ಹಾಗಾದರೆ ಬಂಗಾರದ ಮಂಟಪ ಕಿಂಕಾಕುಜಿ ಬೇಡವೇ ಎಂದು ಕೇಳುವವರಿದ್ದಾರೆ. 1950ರಲ್ಲಿ ಕಿರಿಯ ಸನ್ಯಾಸಿಯೊಬ್ಬ ಬೆಂಕಿಯಿಟ್ಟು ಸುಟ್ಟ ಆ ಮಂಟಪವನ್ನು 1955ರಲ್ಲಿ ಮತ್ತೆ ಕಟ್ಟಲಾಯಿತು. ಸುಂದರವೇನೋ ಹೌದು. ಆದರೆ ಒಳಗೆ ಪ್ರವೇಶವಿಲ್ಲ, ಕೊಳದ ಆಚೆಯಿಂದ ನೋಡಿ ಮುಂದೆ ಸಾಗಬೇಕು. ಅದಿರುವುದು ಊರಿನ ವಾಯವ್ಯ ಮೂಲೆಯಲ್ಲಿ. ತುಂಬಿದ ಬಸ್ಸಿನಲ್ಲಿ ಹೋಗಿಬರುವಷ್ಟರಲ್ಲಿ ಅರ್ಧ ದಿನ ಮುಗಿಯುತ್ತದೆ. ನಾಲ್ಕು ದಿನ ಇರುವವರು ಧಾರಾಳವಾಗಿ ಹೋಗಲಿ.

ಆ ಅರ್ಧ ದಿನವನ್ನು ಫುಷಿಮಿ ಇನಾರಿಗೆ ಕೊಡಬೇಕೆಂಬುದು ನಮ್ಮ ಮತ. ನಿಲ್ದಾಣದಿಂದ ರೈಲಿನಲ್ಲಿ ಎರಡನೆಯ ಸ್ಟೇಷನ್. ಬೆಳೆಯ ದೇವತೆ ಇನಾರಿಯ ಸನ್ನಿಧಿ. ಹರಕೆ ಹೊತ್ತವರು ಕೊಟ್ಟ ಸಾವಿರಾರು ಕೆಂಪು ತೋರಣಗಂಬಗಳು ಗುಡ್ಡದ ಉದ್ದಕ್ಕೂ ನಿಂತಿವೆ. ಪ್ರವೇಶ ಶುಲ್ಕವಿಲ್ಲ, ರಾತ್ರಿಯೂ ಬಾಗಿಲು ಹಾಕುವುದಿಲ್ಲ. ಮೊಣಕಾಲು ನೋವಿನವರು ತುದಿಯ ತನಕ ಹತ್ತಬೇಕಾಗಿಲ್ಲ.

ಸಂಜೆ ಗಿಯೋನ್ ಕೇರಿಯಲ್ಲಿ ಅಡ್ಡಾಡುವುದಾದರೆ ದೊಡ್ಡ ಬೀದಿಯಲ್ಲೇ ನಡೆಯಿರಿ. ಗೇಯ್ಶಾ ಕಲಾವಿದೆಯರನ್ನು ಬೆನ್ನಟ್ಟಿ ಚಿತ್ರ ತೆಗೆಯುವವರ ಕಾಟ ತಾಳದೆ, ಅಲ್ಲಿನ ನಿವಾಸಿಗಳು 2024ರಲ್ಲಿ ಖಾಸಗಿ ಓಣಿಗಳಿಗೆ ಪ್ರವಾಸಿಗರು ಕಾಲಿಡದಂತೆ ಫಲಕ ಹಾಕಿಸಿದ್ದಾರೆ.