ಮೇ ಒಂದು ಯಾರ ದಿನ?

ಬೆಳಗಾದರೆ ಮೊಬೈಲಿಗೆ ಬಂದು ಬೀಳುವ ಸಂದೇಶಗಳಲ್ಲಿ ‘ಇತಿಹಾಸದಲ್ಲಿ ಈ ದಿನ’ ಎಂಬುದಕ್ಕೆ ಒಂದು ಕಾಯಂ ಜಾಗ ಇದೆ. ಮೇಲೊಂದು ತಾರೀಖು, ಕೆಳಗೆ ಹತ್ತೋ ಹನ್ನೆರಡೋ ಸಾಲು. ಯಾರೋ ಹುಟ್ಟಿದರು, ಯಾರೋ ಸತ್ತರು, ಎಲ್ಲೋ ಸೇತುವೆ ತೆರೆಯಿತು, ಇನ್ನೆಲ್ಲೋ ಯುದ್ಧ ನಿಂತಿತು. ಮೇ 1ರ ಪಟ್ಟಿಯೂ ಹೀಗೆಯೇ. ಕಾರ್ಮಿಕರ ದಿನ. 1919ರಲ್ಲಿ ಗಾಯಕ ಮನ್ನಾ ಡೇ ಜನನ. 1931ರಲ್ಲಿ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಉದ್ಘಾಟನೆ. 1960ರಲ್ಲಿ ಮಹಾರಾಷ್ಟ್ರ ಮತ್ತು ಗುಜರಾತ್ ರಾಜ್ಯಗಳ ಉದಯ. ಓದಿದವರು ಇನ್ನೊಂದು ಗುಂಪಿಗೆ ದಾಟಿಸಿ ಚಹಾಕ್ಕೆ ಏಳುತ್ತಾರೆ.

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ಕನ್ನಡಿಗರೂ ಹಾಗೆಯೇ ದಾಟಿಸುತ್ತಾರೆ. ಮೇ 1 ಅವರಿಗೆ ರಜೆಯ ದಿನ. ಮಕ್ಕಳ ಪರೀಕ್ಷೆ ಮುಗಿದಿದ್ದರೆ ಊರಿಗೆ ಹೊರಡುವ ದಿನ. ಅದು ‘ಅವರ’ ದಿನ, ಅಂದರೆ ಮರಾಠಿಗರದು. ‘ನಮ್ಮ’ ದಿನ ನವೆಂಬರ್ 1. ಅದು ಮಹಾರಾಷ್ಟ್ರದಲ್ಲಿ ಕೆಲಸದ ದಿನವಾದ್ದರಿಂದ ರಾಜ್ಯೋತ್ಸವವನ್ನು ಯಾವುದೋ ಭಾನುವಾರಕ್ಕೆ ಸರಿಸಿ, ಸಭಾಂಗಣ ಗೊತ್ತುಮಾಡಿ, ಭುವನೇಶ್ವರಿಯ ಪಟಕ್ಕೆ ಹಾರ ಹಾಕಿ, ಕರ್ನಾಟಕದಿಂದ ಒಬ್ಬ ಅತಿಥಿಯನ್ನು ಕರೆಸುತ್ತಾರೆ. ಈ ಹಂಚಿಕೆಯನ್ನು ಯಾರೂ ಪ್ರಶ್ನಿಸಿದ್ದಿಲ್ಲ. ಆದರೆ ಈ ನಾಲ್ಕು ಊರುಗಳ ಕನ್ನಡಿಗರ ಬದುಕನ್ನು ಲೆಕ್ಕಕ್ಕೆ ಹಿಡಿದರೆ, ನವೆಂಬರ್ 1ಕ್ಕಿಂತ ಮೇ 1 ಅವರಿಗೆ ಹತ್ತಿರದ ದಿನ. ಅದು ಕಾಣದಿರುವುದಕ್ಕೆ ಕಾರಣ, ಪಟ್ಟಿಯಲ್ಲಿ ಇರಬೇಕಾದ ಕೆಲವು ಸಾಲುಗಳು ಇಲ್ಲದಿರುವುದು.

ಮೊದಲ ಸಾಲು 1854ರದು. ರೈಲಿನ ಮಾತು ಬಂದರೆ ಎಲ್ಲರ ಬಾಯಲ್ಲೂ ಬರುವುದು 1853ರ ಏಪ್ರಿಲ್ 16. ಬೋರಿಬಂದರಿನಿಂದ ಠಾಣೆಗೆ 34 ಕಿ.ಮೀ., 14 ಬೋಗಿ, ಸುಮಾರು 400 ಅತಿಥಿಗಳು, ತೋಪಿನ ಸಲಾಮು. ಆದರೆ ಆ ರೈಲು ಠಾಣೆಯ ಖಾರಿಯ ಈಚೆ ದಡದಲ್ಲೇ ನಿಂತಿತ್ತು. ಖಾರಿಗೆ ಸೇತುವೆ ಕಟ್ಟಿ, ಗುಡ್ಡಕ್ಕೆ ಸುರಂಗ ಕೊರೆದು, ಹಳಿ ಕಲ್ಯಾಣ್ ಮುಟ್ಟಿದ್ದು 1854ರ ಮೇ 1ರಂದು. ಇಂದಿನ ಡೊಂಬಿವಲಿ ಇರುವ ನೆಲವನ್ನು ಆ ಹಳಿ ಹಾದುಹೋಯಿತು. ಅಲ್ಲಿಗೊಂದು ನಿಲ್ದಾಣ ಬರಲು ಇನ್ನೂ ಬಹಳ ವರ್ಷ ಹಿಡಿಯಿತು.

ಕನ್ನಡಿಗರಿಗೆ ಬೇಕಾದ ತಾರೀಖು ಈ ಎರಡನೆಯದು. ಕಲ್ಯಾಣ್‌ನಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಒಂದು ಈಶಾನ್ಯಕ್ಕೆ, ಕಸಾರಾ ಮೇಲೆ ನಾಸಿಕದ ಕಡೆ. ಇನ್ನೊಂದು ಆಗ್ನೇಯಕ್ಕೆ: 1856ರಲ್ಲಿ ಖೋಪೋಲಿ, 1858ರಲ್ಲಿ ಖಂಡಾಲಾದಿಂದ ಪುಣೆ, 1863ರಲ್ಲಿ ಇವೆರಡನ್ನೂ ಬೆಸೆದ ಭೋರ್ ಘಾಟ್, ಅದರಾಚೆ ಸೊಲ್ಲಾಪುರ, ಕಲಬುರಗಿ, 1871ಕ್ಕೆ ರಾಯಚೂರು. ಅಲ್ಲಿ ಮದ್ರಾಸಿನ ಕಡೆಯಿಂದ ಬಂದ ಹಳಿ ಇದರ ಕೈ ಹಿಡಿಯಿತು. ಕಲಬುರಗಿ ಸೀಮೆಗೆ ಈಗ ಕಲ್ಯಾಣ ಕರ್ನಾಟಕ ಎಂಬ ಹೆಸರಿದೆ. ಕಲ್ಯಾಣ ಕರ್ನಾಟಕದಿಂದ ಈ ಕಲ್ಯಾಣ್‌ಗೆ ಗಂಟುಮೂಟೆ ಹೊತ್ತು ಬಂದವರೆಲ್ಲ, ಗೊತ್ತಿದ್ದೋ ಗೊತ್ತಿಲ್ಲದೆಯೋ, ಆ ಮೇ 1ರಂದು ತೆರೆದ ಬಾಗಿಲಿನಿಂದಲೇ ಒಳಗೆ ಬಂದವರು.

ಈಗ ನವೆಂಬರ್ 1ರ ಕಡೆ ತಿರುಗಬೇಕು. 1956ರ ಆ ಗುರುವಾರ ಕನ್ನಡ ನಾಡು ಒಂದಾಯಿತು. ಐದಾರು ಆಡಳಿತಗಳ ಕೆಳಗೆ ಹರಿದು ಹಂಚಿಹೋಗಿದ್ದ ಜನಕ್ಕೆ ಅದು ದಶಕಗಳ ಹೋರಾಟದ ಫಲ. ಅದರ ಮಹತ್ವವನ್ನು ಯಾರೂ ಕಡಿಮೆ ಮಾಡಲಾರರು. ಬೆಂಗಳೂರಿನಲ್ಲಿ ನಿಜಲಿಂಗಪ್ಪನವರು ಹೊಸ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಅದೇ ದಿನ ಮುಂಬಯಿಯಲ್ಲಿ ಯಶವಂತರಾವ್ ಚವಾಣರು ಪುನರ್‌ರಚಿತ ಮುಂಬಯಿ ರಾಜ್ಯದ ಮುಖ್ಯಮಂತ್ರಿಯಾದರು. ಈ ಎರಡು ಪ್ರಮಾಣವಚನಗಳ ನಡುವೆ ಠಾಣೆ ಜಿಲ್ಲೆಯ ಕನ್ನಡಿಗರಿಗೆ ಏನಾಯಿತು ಎಂಬುದು ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ.

ಅಕ್ಟೋಬರ್ 31ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಕಾರವಾರದಿಂದ ಠಾಣೆಗೆ ಬಂದ ಗುಮಾಸ್ತ ತನ್ನ ರಾಜ್ಯದೊಳಗೇ ಇದ್ದ. ಹನೇಹಳ್ಳಿಯಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಓದಲು ಮುಂಬಯಿಗೆ ಬಂದಾಗ ಬಂದದ್ದು ತಮ್ಮ ರಾಜಧಾನಿಗೇ. ಮುಂಬಯಿ ವಿಧಾನಸಭೆಯ ಉಪಾಧ್ಯಕ್ಷರ ಕುರ್ಚಿಯಲ್ಲಿ ಎಸ್.ಆರ್. ಕಂಠಿಯವರು ಕುಳಿತಿದ್ದರು, ಆಮೇಲೆ ಅವರು ಮೈಸೂರು ವಿಧಾನಸಭೆಯ ಸಭಾಧ್ಯಕ್ಷರಾದರು. ಕಂಠಿಯವರ ಜೊತೆಗೆ ಅವರ ಕ್ಷೇತ್ರವೂ ಹೊಸ ರಾಜ್ಯಕ್ಕೆ ಹೋಯಿತು. ಠಾಣೆಯ ಗುಮಾಸ್ತ ಎಲ್ಲಿಗೂ ಹೋಗಲಿಲ್ಲ. ಮನೆ ಬದಲಾಗಲಿಲ್ಲ, ಕಚೇರಿ ಬದಲಾಗಲಿಲ್ಲ, ಹತ್ತುವ ಲೋಕಲ್ಲೂ ಅದೇ. ಅವನು ಹೊರನಾಡ ಕನ್ನಡಿಗನಾದದ್ದು ಒಂದು ಹೆಜ್ಜೆಯೂ ಇಡದೆ, ಒಂದೇ ರಾತ್ರಿಯಲ್ಲಿ.

ಎಲ್ಲರ ಕಥೆಯೂ ಇದೇ ಅಲ್ಲ. ಉಡುಪಿ ಕಡೆಯ ಹೋಟೆಲಿನವರು ಮದ್ರಾಸ್ ರಾಜ್ಯದಿಂದ ಬಂದವರು, ಕಲಬುರಗಿಯವರು ಹೈದರಾಬಾದ್ ರಾಜ್ಯದಿಂದ. ಅವರು ಮೊದಲೂ ಹೊರಗಿನವರೇ, ಆಮೇಲೂ ಹೊರಗಿನವರೇ. ಅವರಿಗೆ ನವೆಂಬರ್ 1 ಕೊಟ್ಟದ್ದು ಬೇರೆ: ಡೊಂಬಿವಲಿಯ ಒಂದೇ ಡಬ್ಬಿಯಲ್ಲಿ ನೇತಾಡುತ್ತಿದ್ದ ಮೂರು ರಾಜ್ಯಗಳವರಿಗೆ ಒಂದೇ ತವರು ಸಿಕ್ಕಿತು. ಅದೇ ದಿನ ಕಾಸರಗೋಡು ಕೇರಳಕ್ಕೆ ಸೇರಿತು, ಅಕ್ಕಲಕೋಟೆ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಒಂದು ತಾರೀಖು ಎಲ್ಲರಿಗೂ ಒಂದೇ ಅರ್ಥ ಕೊಡುವುದಿಲ್ಲ. ಬೆಂಗಳೂರಿನ ರಾಜ್ಯೋತ್ಸವವನ್ನು ಇದ್ದಂತೆಯೇ ತಂದು ಠಾಣೆಯ ಸಭಾಂಗಣದಲ್ಲಿ ಇಳಿಸಿದಾಗ ಕಳೆದುಹೋಗುವುದು ಈ ವ್ಯತ್ಯಾಸವೇ. ಅಲ್ಲಿ ಅದು ಮನೆ ಕಟ್ಟಿದ ದಿನ. ಇಲ್ಲಿ ಅದು ಮನೆ ಕಟ್ಟಿದ ಸುದ್ದಿ ಬಂದ ದಿನ.

ಮೂರೂವರೆ ವರ್ಷ ಕಳೆದು, 1960ರ ಮೇ 1ರಂದು, ದ್ವಿಭಾಷಾ ಮುಂಬಯಿ ರಾಜ್ಯ ಒಡೆದು ಮಹಾರಾಷ್ಟ್ರವಾಯಿತು. ಸಂಯುಕ್ತ ಮಹಾರಾಷ್ಟ್ರಕ್ಕಾಗಿ ನೂರಕ್ಕೂ ಹೆಚ್ಚು ಜನ ಪ್ರಾಣ ಕೊಟ್ಟಿದ್ದರು. ಮುಂಬಯಿಯ ಹುತಾತ್ಮಾ ಚೌಕ ಅವರ ನೆನಪಿನದು. ಠಾಣೆ, ಕಲ್ಯಾಣ್‌ಗಳ ಕನ್ನಡಿಗರು ಅಂದು ಒಂದು ಭಾಷೆಯ ರಾಜ್ಯದಲ್ಲಿ ಎರಡನೆಯ ಭಾಷೆಯವರಾದರು. ಆದರೆ ಆ ರಾಜ್ಯ ಅವರನ್ನು ಹೊರಗೆ ಹಾಕಲಿಲ್ಲ. ಅವರು ಇಲ್ಲೇ ಮನೆ ಕೊಂಡರು. ದಾದರು, ಮಾಟುಂಗಾ ಕೈಗೆಟುಕದಾದಾಗ ಡೊಂಬಿವಲಿಗೆ ಬಂದರು, ಆಮೇಲೆ ಖಾರಿಯಾಚೆ ನವಿ ಮುಂಬಯಿ ಎದ್ದಾಗ ವಾಶಿ, ನೆರೂಳಿಗೆ ಹೋದರು. ಡೊಂಬಿವಲಿಯ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ಕಟ್ಟಿತು. ಇವರ ಮತ ಇಲ್ಲಿಯದು, ರೇಷನ್ ಕಾರ್ಡು ಇಲ್ಲಿಯದು, ಮಕ್ಕಳ ಶಾಲೆಯ ಮರಾಠಿ ಪಾಠ ಇಲ್ಲಿಯದು. ಇಷ್ಟೆಲ್ಲ ಇರುವಾಗ ಈ ರಾಜ್ಯ ಹುಟ್ಟಿದ ದಿನ ಮಾತ್ರ ಬೇರೆಯವರದು ಹೇಗಾಗುತ್ತದೆ?

ಪಟ್ಟಿಯಲ್ಲಿಲ್ಲದ ಇನ್ನೊಂದು ಸಾಲು 1998ರದು. ಕೊಂಕಣ ರೈಲ್ವೆಯನ್ನು ಪ್ರಧಾನಿ ವಾಜಪೇಯಿ ದೇಶಕ್ಕೆ ಅರ್ಪಿಸಿದ್ದು ಆ ವರ್ಷದ ಮೇ 1ರಂದು. ಅದಕ್ಕೆ ಮೊದಲು ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲೇ ಹೋಗುವುದೆಂದರೆ ದಖ್ಖನ್ನನ್ನೆಲ್ಲ ಸುತ್ತಿ, ಪಾಲಕ್ಕಾಡ್ ದಾಟಿ, ಸುಮಾರು 2000 ಕಿ.ಮೀ. ಪ್ರಯಾಣ. ಹೊಸ ಹಳಿ ಅದನ್ನು 1000 ಕಿ.ಮೀ.ಗಿಂತ ಕೆಳಗೆ ಇಳಿಸಿತು. ಠಾಣೆಯಲ್ಲೋ ಪನವೇಲಿನಲ್ಲೋ ರಾತ್ರಿ ಹತ್ತಿದವರು ಮರುದಿನ ಕಾರವಾರ, ಕುಮಟಾ, ಕುಂದಾಪುರ, ಉಡುಪಿಯಲ್ಲಿ ಇಳಿಯುವಂತಾಯಿತು. ಆ ಯೋಜನೆಗೆ ರೈಲ್ವೆ ಮಂತ್ರಿಯಾಗಿ ಬೆನ್ನು ಕೊಟ್ಟವರು ಮಂಗಳೂರಿನಲ್ಲಿ ಹುಟ್ಟಿ ಮುಂಬಯಿಯ ಕಾರ್ಮಿಕ ನಾಯಕರಾದ ಜಾರ್ಜ್ ಫರ್ನಾಂಡಿಸ್. ಆ ರೈಲ್ವೆಯ ಮುಖ್ಯ ಕಚೇರಿ ಇರುವುದು ನವಿ ಮುಂಬಯಿಯ ಬೇಲಾಪುರದಲ್ಲಿ. ಸತ್ತವರ ಮುಖ ನೋಡಲು ಸಮಯಕ್ಕೆ ಊರು ಮುಟ್ಟಿದವರು, ಬಾಣಂತನಕ್ಕೆ ತಾಯಿಯನ್ನು ಕರೆಸಿಕೊಂಡವರು, ತೆಂಗಿನಕಾಯಿ ಚೀಲವನ್ನು ಸೀಟಿನಡಿ ತಳ್ಳಿ ತಂದವರು, ಇವರೆಲ್ಲರ ಬದುಕನ್ನು ಯಾವ ರಾಜ್ಯೋತ್ಸವ ಭಾಷಣಕ್ಕಿಂತಲೂ ಹೆಚ್ಚು ಬದಲಿಸಿದ್ದು ಆ ಹಳಿ.

ಹೀಗೆ ತಾರೀಖುಗಳನ್ನು ಜೋಡಿಸುವುದು ಪಂಚಾಂಗದ ಆಟ ಎಂದು ಯಾರಾದರೂ ಹೇಳಬಹುದು. ಹೌದು, ತಾರೀಖಿಗೆ ತನ್ನದೇ ಶಕ್ತಿ ಏನೂ ಇಲ್ಲ. ಮನ್ನಾ ಡೇ ಕೋಲ್ಕತಾದಲ್ಲಿ ಮೇ 1ರಂದು ಹುಟ್ಟಿ, ಮುಂಬಯಿಯಲ್ಲಿ ಹಾಡಿ, ಕನ್ನಡಕ್ಕೂ ದನಿ ಕೊಟ್ಟು, 2013ರಲ್ಲಿ ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಆ ಹುಟ್ಟು ಬರೀ ಆಕಸ್ಮಿಕ. ಆದರೆ ರಾಜ್ಯಗಳ ದಿನ ಆಕಸ್ಮಿಕವಲ್ಲ, ಯಾರೋ ಕುಳಿತು ಆರಿಸಿದ್ದು. 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಜಾರಿಗೆ ಬಂದಾಗ ಬೇಕೆಂದೇ ನವೆಂಬರ್ 1ನ್ನು ಹಿಡಿಯಲಾಯಿತು. ತಮಿಳುನಾಡು ಕೆಲವು ವರ್ಷ ನವೆಂಬರ್ 1ನ್ನು ನಾಡಿನ ದಿನವೆಂದು ಆಚರಿಸಿ, 2021ರಲ್ಲಿ ಅದನ್ನು ಬಿಟ್ಟು ಜುಲೈ 18ನ್ನು ಆರಿಸಿತು. ಸರ್ಕಾರಗಳು ತಮ್ಮ ದಿನವನ್ನು ಆರಿಸಿಕೊಳ್ಳಬಹುದಾದರೆ, ಖಾರಿಯ ದಡದ ಜನಕ್ಕೂ ತಮ್ಮ ದಿನ ಯಾವುದೆಂದು ನೋಡಿಕೊಳ್ಳುವ ಹಕ್ಕಿದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಗಡಿ ತಕರಾರು ಇನ್ನೂ ಸುಪ್ರೀಂ ಕೋರ್ಟಿನಲ್ಲಿದೆ. ಬೆಳಗಾವಿಯಲ್ಲಿ ನವೆಂಬರ್ 1ನ್ನು ಮರಾಠಿ ಸಂಘಟನೆಗಳು ಕರಾಳ ದಿನವೆಂದು ಆಚರಿಸುತ್ತವೆ. ಬಸ್ಸಿಗೆ ಮಸಿ ಬಳಿದ ಸುದ್ದಿ ಬಂದ ವಾರ ಡೊಂಬಿವಲಿಯ ಕನ್ನಡಿಗರು ಫೋನಿನಲ್ಲಿ ತುಸು ಮೆಲ್ಲಗೆ ಮಾತಾಡುತ್ತಾರೆ. ಹೀಗಿರುವಾಗ ಕನ್ನಡ ಸಂಘಗಳು ಮಹಾರಾಷ್ಟ್ರ ದಿನ ಆಚರಿಸಿದರೆ ಅದು ಹೆದರಿಕೆಯ ಸಲಾಮಿನಂತೆ ಕಾಣುವುದಿಲ್ಲವೇ? ಕಾಣಬಹುದು, ಬರೀ ಬಾವುಟ ಹಾರಿಸಿ ಮನೆಗೆ ಹೋದರೆ. ಆದರೆ ಮೇ 1 ಒಂದು ರಾಜ್ಯದ ದಿನ ಮಾತ್ರ ಅಲ್ಲ ಎಂಬುದರಲ್ಲೇ ಇದಕ್ಕೆ ಉತ್ತರ ಇದೆ. ಕರ್ನಾಟಕದಲ್ಲೂ ಅಂದು ರಜೆ, ಮಹಾರಾಷ್ಟ್ರದಲ್ಲೂ ರಜೆ. ಎರಡೂ ಕಡೆ ಒಟ್ಟಿಗೆ ರಜೆ ಇರುವುದಕ್ಕೆ ಕಾರಣ ಕೆಲಸಗಾರ.

1886ರ ಮೇ 1ರಂದು ಅಮೆರಿಕದ ಕೆಲಸಗಾರರು ದಿನಕ್ಕೆ ಎಂಟು ಗಂಟೆಯ ದುಡಿಮೆ ಸಾಕೆಂದು ಮುಷ್ಕರ ಹೂಡಿದರು. ಅದರ ನೆನಪಿಗೆ ಈ ದಿನ ಬಂತು. ಠಾಣೆಯಿಂದ ಕಲ್ಯಾಣ್‌ವರೆಗಿನ ಹಳಿಯ ಮೇಲೆ ನಿಂತು ನೋಡಿದರೆ ಅದು ದೂರದ ಶಿಕಾಗೋದ ಮಾತಾಗಿ ಉಳಿಯುವುದಿಲ್ಲ. 1853ರ ರೈಲನ್ನೆಳೆದ ಮೂರು ಎಂಜಿನ್‌ಗಳ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು: ಸಾಹಿಬ್, ಸಿಂಧ್, ಸುಲ್ತಾನ್. ಮರುವರ್ಷ ಕಲ್ಯಾಣ್ ದಾರಿಯ ಸುರಂಗ ಕೊರೆದವರಲ್ಲಿ ಒಬ್ಬನ ಹೆಸರೂ ಯಾರ ಬಾಯಲ್ಲೂ ಇಲ್ಲ. ಭೋರ್ ಘಾಟಿನಲ್ಲಿ ಕಾಲರಾಕ್ಕೆ ಸತ್ತ ಸಾವಿರಾರು ಕೂಲಿಗಳದೂ ಅದೇ ಗತಿ. ಕೊಂಕಣ ರೈಲ್ವೆಯ ಹೊತ್ತಿಗೆ ಸ್ವಲ್ಪ ಬುದ್ಧಿ ಬಂದಿತ್ತು. ಕಟ್ಟುವಾಗ ಸತ್ತವರಿಗೆ ರತ್ನಾಗಿರಿಯಲ್ಲಿ ಸ್ಮಾರಕ ಇದೆ. ಡೊಂಬಿವಲಿಯ ಎಂಐಡಿಸಿಯಲ್ಲಿ 2016ರ ಮೇ 26ರಂದು, ಮತ್ತೆ 2024ರ ಮೇ 23ರಂದು ಕಾರ್ಖಾನೆಗಳು ಸ್ಫೋಟಗೊಂಡು ಜನ ಸತ್ತರು. ಆ ತಾರೀಖುಗಳು ಯಾವ ‘ಇತಿಹಾಸದಲ್ಲಿ ಈ ದಿನ’ಕ್ಕೂ ಸೇರುವುದಿಲ್ಲ. ಪಟ್ಟಿ ಬರೆಯುವವರ ಕಣ್ಣು ಉದ್ಘಾಟನೆಯ ರಿಬ್ಬನ್ನಿನ ಮೇಲಿರುತ್ತದೆ, ಹಾರೆ ಹಿಡಿದ ಕೈ ಮೇಲಲ್ಲ.

ಇಲ್ಲಿಯ ಕನ್ನಡಿಗರು ಯಾರು ಎಂದು ಕೇಳಿದರೆ ಸಿಗುವ ಮೊದಲ ಉತ್ತರವೂ ಅದೇ: ದುಡಿಯಲು ಬಂದವರು. ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಗೆ ಹೋದವರು, ಬ್ಯಾಂಕಿನ ಗುಮಾಸ್ತರು, ವಿಜಾಪುರ, ಕಲಬುರಗಿಗಳಿಂದ ಬಂದು ಕಟ್ಟಡಗಳಿಗೆ ಕಲ್ಲುಮಣ್ಣು ಹೊತ್ತವರು. ಭಾಷಣಗಳಲ್ಲಿ ಕೇಳುವ ಕದಂಬರು, ಚಾಲುಕ್ಯರು ಅವರನ್ನು ಇಲ್ಲಿಗೆ ಕರೆತರಲಿಲ್ಲ. ರೈಲು ಕರೆತಂದಿತು, ಕೆಲಸ ಉಳಿಸಿತು, ಈ ರಾಜ್ಯ ಜಾಗ ಕೊಟ್ಟಿತು. ಈ ಮೂರಕ್ಕೂ ಮೇ 1 ತಾರೀಖು.

ರಾಜ್ಯೋತ್ಸವ ಬಿಡಬೇಕಾಗಿಲ್ಲ. ತವರಿನ ಹಬ್ಬ ಎಂದು ಅದನ್ನು ಮಾಡಲಿ. ಆದರೆ ವರ್ಷಕ್ಕೆ ಒಂದು ದಿನ ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಗಳ ಸಂಘಗಳು ಅತಿಥಿಯಿಲ್ಲದೆ, ಶಾಲುಗಳಿಲ್ಲದೆ ಸೇರಲಿ. ಪಕ್ಕದ ಮನೆಯ ಮರಾಠಿಯವರನ್ನೂ ಕರೆಯಲಿ. ಎಪ್ಪತ್ತು, ಎಂಬತ್ತು ದಾಟಿದ ಒಬ್ಬೊಬ್ಬರನ್ನೇ ಕೂರಿಸಿ ಕೇಳಲಿ: ಯಾವ ವರ್ಷ ಬಂದಿರಿ, ಯಾವ ರೈಲು, ಟಿಕೇಟಿಗೆ ದುಡ್ಡು ಯಾರದು, ಮೊದಲ ರಾತ್ರಿ ಯಾರ ಖೋಲಿಯಲ್ಲಿ ಮಲಗಿದಿರಿ, ಮೊದಲ ಪಗಾರ ಎಷ್ಟು? ಕನ್ನಡ ಓದಲು ಬಾರದ ಮೊಮ್ಮಕ್ಕಳು ಅದನ್ನು ಫೋನಿನಲ್ಲಿ ಹಿಡಿದಿಡಲಿ. ಅದನ್ನು ಅಕ್ಷರಕ್ಕಿಳಿಸಬೇಕೆಂದಾಗ ಅವರಿಗೆ ಕನ್ನಡ ಕಲಿಯಲು ಒಂದು ಕಾರಣವಾದರೂ ಸಿಗುತ್ತದೆ. ಈವರೆಗೆ ಕೊಟ್ಟ ಕಾರಣಗಳೆಲ್ಲ ಹಿರಿಯರವು. ಕಥೆ ಹೇಳಬೇಕಾದವರು ವರ್ಷವರ್ಷವೂ ಕಡಿಮೆಯಾಗುತ್ತಿದ್ದಾರೆ, ಹಾಗಾಗಿ ಇದನ್ನು ಬರುವ ಮೇ 1ಕ್ಕೇ ಶುರುಮಾಡುವುದು ಮೇಲು. ಆ ಬೆಳಿಗ್ಗೆ ದಾಟಿಸುವ ಪಟ್ಟಿಯಲ್ಲಿ ಎಂಪೈರ್ ಸ್ಟೇಟ್ ಕಟ್ಟಡದ ಸಾಲಿನ ಕೆಳಗೆ, ಕುಮಟಾದಿಂದಲೋ ಇಂಡಿಯಿಂದಲೋ ಒಂದು ಟ್ರಂಕು ಹಿಡಿದು ಠಾಣೆಗೆ ಬಂದಿಳಿದ ಒಬ್ಬರ ಹೆಸರು ಇರಲಿ.